ಸುಡೋಲಿಥೋಸ್ ಒಂದು ಕೊಳೆತು ಹೋಯ್ತು, ಇನ್ನೊಂದನ್ನ ಹೇಗಾದ್ರೂ ಉಳಿಸ್ಕೋಬೇಕು

ಸಣ್ಣಕುಂಡ

ಎಲ್ರಿಗೂ ನಮಸ್ಕಾರ. ತುಂಬಾ ಬೇಜಾರಲ್ಲಿ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ. ಎಂಟು ತಿಂಗಳ ಹಿಂದೆ ಎರಡು ಸುಡೋಲಿಥೋಸ್ ಮಿಗಿಯುರ್ಟಿನಸ್ ಗಿಡ ತಗೊಂಡಿದ್ದೆ, ಒಂದೊಂದು ಹತ್ತಿರ ಹತ್ತಿರ 5 ಸೆಂಟಿಮೀಟರ್ ಅಗಲ, ನೋಡಿದ್ರೆ ಹೊಳೆದಂಡೆ ಉಂಡೆಕಲ್ಲಿಗೆ ಯಾರೋ ಮೊಸಳೆ ಚರ್ಮ ಹೊದಿಸಿದಾರೆ ಅನ್ನೋ ಹಾಗಿತ್ತು. ಎಲೆ ಇಲ್ಲ ಮುಳ್ಳಿಲ್ಲ ಕೊಂಬೆ ಇಲ್ಲ, ಬರೀ ಒಂದು ಉಂಡೆ. ಎಷ್ಟು ವರ್ಷದಿಂದ ಆಸೆ ಇತ್ತು ಅಂದ್ರೆ ಬಂದ ದಿನ ರಾತ್ರಿ ಎರಡು ಸಲ ಎದ್ದು ಹೋಗಿ ನೋಡಿದೀನಿ.

ನನ್ನ ಹತ್ರ ಲಿಥಾಪ್ಸ್, ಅದೇ ಬೆಣಚುಕಲ್ಲಿನ ಥರ ಕಾಣೋ ಪುಟ್ಟ ಗಿಡ, ನಾಲ್ಕೈದು ವರ್ಷದಿಂದ ಚೆನ್ನಾಗಿವೆ, ಹೂ ಬಿಡ್ತವೆ. ಹಾಗಾಗಿ ಇದನ್ನೂ ಅದೇ ಥರ ನೋಡ್ಕೊಂಡೆ. ಚಳಿ ಶುರುವಾದ ಮೇಲೆ ನೀರು ಪೂರ್ತಿ ನಿಲ್ಲಿಸಿದೆ, ಕಿಟಕಿ ಪಕ್ಕ ಲಿಥಾಪ್ಸ್ ಟ್ರೇ ಜೊತೆಗೇ ಇಟ್ಟೆ, ರಾತ್ರಿ ಅಲ್ಲಿ 10 ಡಿಗ್ರಿವರೆಗೂ ಇಳಿಯುತ್ತೆ. ಎರಡೂವರೆ ತಿಂಗಳು ಒಂದು ಹನಿ ನೀರು ಕೊಟ್ಟಿಲ್ಲ. ಆಮೇಲೆ ಎರಡೂ ಸ್ವಲ್ಪ ಕುಗ್ಗಿದ ಹಾಗೆ ಕಾಣಿಸ್ತು, ಪಾಪ ಬಾಯಾರಿದೆ ಅಂತ ಒಂದಕ್ಕೆ ಕೆಳಗಿಂದ ನೀರು ಇಳಿಯೋವರೆಗೂ ಕೊಟ್ಟೆ. ಮೂರನೇ ದಿನ ಬುಡದಲ್ಲಿ ಒಂದು ಕಡೆ ನೀರು ಕುಡಿದ ಕಾಗದದ ಥರ ಬಣ್ಣ ಬದಲಾಗಿತ್ತು. ನಾಲ್ಕನೇ ದಿನ ಬೆಳಗ್ಗೆ ಮುಟ್ಟಿದ್ರೆ ಬೆರಳು ಒಳಗೇ ಹೋಯ್ತು. ಒಳಗಡೆ ಎಲ್ಲ ಲೋಳೆ, ಹೊರಗಿನ ಚರ್ಮ ಮಾತ್ರ ಹಾಗೇ ನಿಂತಿತ್ತು.

ಇನ್ನೊಂದಕ್ಕೆ ಇನ್ನೂ ನೀರು ಹಾಕಿಲ್ಲ. ಗಟ್ಟಿಯಾಗಿದೆ, ಒಂದು ಬದಿ ಸ್ವಲ್ಪ ಸುಕ್ಕು. ನೀರು ಹಾಕಿದ್ರೆ ಅದೂ ಹೋಗುತ್ತೋ, ಹಾಕದೆ ಇದ್ರೆ ಒಣಗುತ್ತೋ ಗೊತ್ತಾಗ್ತಿಲ್ಲ. ಸಾಕಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಬೇರುನೋಡಿ

ಮೊದಲು ಇವತ್ತೇ ಮಾಡಬೇಕಾದ್ದು. ನೀರು ಹಾಕಬೇಡಿ. ಕಿಟಕಿ ಪಕ್ಕದಿಂದ ತೆಗೆದು ಮನೇಲಿ ಇರೋದ್ರಲ್ಲೇ ಬೆಚ್ಚಗಿರೋ, ಬೆಳಕೂ ಇರೋ ಜಾಗಕ್ಕೆ ತನ್ನಿ. ಆಮೇಲೆ ಗಿಡಾನ ಕುಂಡದಿಂದ ಹೊರಗೆ ತೆಗೆದು ಬೇರು ನೋಡಿ. ಹೆದರಬೇಡಿ, ಒಂದು ವಾರ ಮಣ್ಣಿಲ್ಲದೆ ಇದ್ರೂ ಅದಕ್ಕೇನೂ ಆಗಲ್ಲ. ಮೇಲಿನ ಉಂಡೆ ನೋಡ್ಕೊಂಡು ತೀರ್ಮಾನ ಮಾಡೋಕೆ ಹೋದ್ರೆ ಮೋಸ ಹೋಗ್ತೀರ, ಈ ಗಿಡದಲ್ಲಿ ಮೇಲೆ ಗೊತ್ತಾಗೋ ಹೊತ್ತಿಗೆ ಕೆಳಗಡೆ ಕಥೆ ಮುಗಿದಿರುತ್ತೆ.

ಇನ್ನೊಂದು, ಗಿಡ ಬಂದಾಗ ಮಣ್ಣು ಬದಲಾಯಿಸಿದ್ರಾ ಅಥವಾ ಬಂದ ಹಾಗೇ ಕುಂಡಕ್ಕೆ ಇಳಿಸಿದ್ರಾ?

ಎಕ್ಕದಹೂ

ಸಣ್ಣಕುಂಡ ಅವರೇ, ನಿಮ್ಮ ಪೋಸ್ಟ್ ಓದಿ ಹೊಟ್ಟೆ ಚುರ್ ಅಂತು. ನಾನೂ ಹೀಗೇ ಎರಡು ಕಳ್ಕೊಂಡಿದೀನಿ, ಕಾರಣನೂ ಹತ್ತಿರ ಹತ್ತಿರ ಇದೇ.

ಇದನ್ನ ಲಿಥಾಪ್ಸ್ ಸಂಬಂಧಿ ಅಂತ ಅಂದ್ಕೊಳ್ಳೋದೇ ಎಲ್ಲ ತೊಂದರೆಗೂ ಮೂಲ. ಹೆಸರಲ್ಲೂ ಲಿಥೋಸ್ ಇದೆ, ನೋಡೋಕೂ ಕಲ್ಲು, ಅಂಗಡಿಯವರೂ ಒಂದೇ ಟ್ರೇಲಿ ಇಟ್ಟು ಮಾರ್ತಾರೆ. ಆದ್ರೆ ಎರಡಕ್ಕೂ ಸಂಬಂಧನೇ ಇಲ್ಲ. ಲಿಥಾಪ್ಸ್ ದಕ್ಷಿಣ ಆಫ್ರಿಕಾ ಮತ್ತೆ ನಮೀಬಿಯಾ ಕಡೆಯದು, 1811ರಲ್ಲಿ ಬರ್ಚೆಲ್ ಅನ್ನೋ ಇಂಗ್ಲಿಷ್ ಪ್ರವಾಸಿ ಪ್ರೀಸ್ಕಾ ಹತ್ರ ಕಲ್ಲು ಅಂತ ನೆಲದಿಂದ ಎತ್ಕೊಂಡ ಮೇಲೆ ಗಿಡ ಅಂತ ಗೊತ್ತಾಗಿದ್ದು ಅದು. ಅದ್ರಲ್ಲಿ ನಾವು ನೋಡೋದು ಒಂದು ಜೊತೆ ಎಲೆ. ಪ್ರತಿ ವರ್ಷ ಹಳೆ ಎಲೆ ಜೋಡಿಯ ನೀರನ್ನ ಹೊಸ ಜೋಡಿ ಹೀರ್ಕೊಂಡು ಬೆಳೆಯುತ್ತೆ, ಆ ಸಮಯದಲ್ಲಿ ನಾವು ನೀರು ಕೊಡ್ದೆ ಇರಬೇಕು. ನಿಮ್ಮ ಎರಡೂವರೆ ತಿಂಗಳ ಉಪವಾಸ ಅದಕ್ಕೆ ಸರಿ.

ಸುಡೋಲಿಥೋಸ್ ಸೊಮಾಲಿಯಾದ್ದು, ಒಮಾನ್ ಕಡೆನೂ ಒಂದು ಜಾತಿ ಇದೆ. ಇದು ಎಲೆ ಅಲ್ಲ, ಕಾಂಡ. ಇಡೀ ಗಿಡ ಒಂದೇ ಒಂದು ದಪ್ಪ ಕಾಂಡ. ಬದಲಾಯಿಸ್ಕೊಳ್ಳೋಕೆ ಹೊಸ ಎಲೆ ಇಲ್ಲ, ಬುಡದಿಂದ ಮರಿ ಬರೋದೂ ಇಲ್ಲ ಅನ್ನಬಹುದು. ಇದರ ಕುಟುಂಬ ಯಾವುದು ಗೊತ್ತಾ, ನಮ್ಮ ಎಕ್ಕದ ಗಿಡದ ಕುಟುಂಬ! ಎಕ್ಕ, ಕಣಗಿಲೆ ಎಲ್ಲ ಸೇರೋ ಅಪೋಸೈನೇಸಿ. ಎಕ್ಕದ ಕಾಯಿ ಒಡೆದಾಗ ಒಳಗಿಂದ ಚಪ್ಪಟೆ ಬೀಜ ಬಿಳಿ ರೇಷ್ಮೆ ಕುಚ್ಚು ಕಟ್ಕೊಂಡು ಗಾಳಿಗೆ ಹಾರುತ್ತಲ್ಲ, ಈ ಕಲ್ಲಿನ ಬೀಜನೂ ಥೇಟ್ ಹಾಗೇ ಹಾರುತ್ತೆ. ಇದು ಗೊತ್ತಾದ ದಿನದಿಂದ ನಾನು ಇದನ್ನ ಕಲ್ಲು ಅಂತ ನೋಡೋದು ಬಿಟ್ಟೆ, ನನ್ನ ಹೆಸರೂ ಅಲ್ಲಿಂದಲೇ ಬಂದಿದ್ದು.

ಹೆಸರಿನ ಕಥೆನೂ ಚೆನ್ನಾಗಿದೆ. ಬ್ಯಾಲಿ ಅಂತ ಸ್ವಿಸ್ ಸಸ್ಯಶಾಸ್ತ್ರಜ್ಞ 1959ರಲ್ಲಿ ಇದಕ್ಕೆ ಲಿಥೋಕಾಲನ್, ಅಂದ್ರೆ ಕಲ್ಲುಕಾಂಡ, ಅಂತ ಹೆಸರಿಟ್ಟಿದ್ರು. ಆಮೇಲೆ ನೋಡಿದ್ರೆ ಆ ಹೆಸರು ಆಗಲೇ ಒಂದು ಪಳೆಯುಳಿಕೆ ಪಾಚಿಗೆ ಹೋಗಿಬಿಟ್ಟಿತ್ತು, ಹಾಗಾಗಿ 1965ರಲ್ಲಿ ಸುಡೋಲಿಥೋಸ್ ಅಂತ ಬದಲಾಯಿಸಿದ್ರು, ಸುಳ್ಳು ಕಲ್ಲು ಅಂತ ಅರ್ಥ. ಮಿಗಿಯುರ್ಟಿನಸ್ ಅನ್ನೋದು ಈಶಾನ್ಯ ಸೊಮಾಲಿಯಾದ ಸೀಮೆಗೆ ಇಟಲಿಯವರು ಕರೀತಿದ್ದ ಹೆಸರಿಂದ ಬಂದಿದ್ದು.

ಆ ಸೀಮೆಯಲ್ಲಿ ಮಳೆ ಕಮ್ಮಿ, ನಿಜ. ಆದ್ರೆ ಚಳಿ ಇಲ್ಲ. ನಾವು ಮರುಭೂಮಿ ಗಿಡ ಅಂದ ತಕ್ಷಣ ನೀರಿನ ಲೆಕ್ಕ ಮಾತ್ರ ಹಾಕ್ತೀವಿ, ಶಾಖದ ಲೆಕ್ಕ ಮರೆತೇಹೋಗುತ್ತೆ. ನನ್ನ ಅನುಭವದಲ್ಲಿ ಈ ಗಿಡಕ್ಕೆ ಸ್ವಲ್ಪ ಹೆಚ್ಚು ನೀರಿಗಿಂತ ತಣ್ಣಗಿರೋ ಬೇರು ಅಪಾಯ.

ಸಣ್ಣಕುಂಡ

ಇಬ್ರಿಗೂ ತುಂಬಾ ಧನ್ಯವಾದ. ಎಕ್ಕ ಅಂತ ಗೊತ್ತೇ ಇರಲಿಲ್ಲ ಅಕ್ಕ, ಓದಿ ಮೈ ಜುಂ ಅಂತು.

ಬೇರುನೋಡಿ ಸರ್, ಮಣ್ಣು ಬದಲಾಯಿಸಿರಲಿಲ್ಲ. ಈಗ ತಾನೇ ಹೊರಗೆ ತೆಗೆದೆ. ಸುತ್ತ ನಾನು ಹಾಕಿದ್ದ ಜಲ್ಲಿ ಮರಳು ಉದುರಿಹೋಯ್ತು, ಆದ್ರೆ ನಡುವೆ ಒಂದು ಗಟ್ಟಿ ಮುದ್ದೆ ಉಳೀತು, ಹೆಬ್ಬೆರಳು ಗಾತ್ರದ್ದು, ಸುತ್ತ ತೆಳ್ಳಗೆ ಬಲೆ ಬಟ್ಟೆ. ಬಲೆ ಕತ್ತರಿಸಿ ಬಿಡಿಸಿದ್ರೆ ಒಳಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಹೊರಗೆ ಒಣಗಿ ಕಲ್ಲಾಗಿದೆ, ನಡುವಲ್ಲಿ ಮಾತ್ರ ಬೆರಳಿಗೆ ತಣ್ಣಗೆ ತಾಗ್ತಿದೆ. ಎರಡೂವರೆ ತಿಂಗಳು ನೀರು ಹಾಕಿಲ್ಲ ಆದ್ರೂ! ಬೇರು ಹೆಚ್ಚಿನವು ಕಂದು, ಎಳೆದ್ರೆ ಮೇಲಿನ ಸಿಪ್ಪೆ ಕಳಚಿಕೊಂಡು ಒಳಗಿನ ನೂಲು ಮಾತ್ರ ಉಳೀತಿದೆ. ಒಂದೇ ಒಂದು ಬೇರು ಬಿಳಿ ಇದೆ, ಸುಮಾರು 3 ಸೆಂಟಿಮೀಟರ್ ಉದ್ದ. ಗಿಡದ ತಳ ಗಟ್ಟಿ ಇದೆ, ಬಣ್ಣನೂ ಬದಲಾಗಿಲ್ಲ.

ಬೇರುನೋಡಿ

ಒಂದು ಬಿಳಿ ಬೇರು ಇದ್ರೆ ಸಾಕು, ಗಿಡ ಉಳಿಯುತ್ತೆ. ನಂಬಿಕೆ ಇಟ್ಕೊಳ್ಳಿ.

ನಿಮ್ಮ ಮೊದಲನೇ ಗಿಡಕ್ಕೆ ಏನಾಯ್ತು ಅಂತ ಈಗ ಅರ್ಥ ಆಗುತ್ತೆ. ಚಳಿ ಜೊತೆ ಪೂರ್ತಿ ಒಣಗು ಸೇರಿ ಸಣ್ಣ ಬೇರುಗಳೆಲ್ಲ ಸತ್ವು. ನೀರು ಹೀರೋ ಬೇರು ಅವೇ. ಅವು ಇಲ್ದೆ ಇರೋವಾಗ ನೀವು ತುಂಬ ನೀರು ಕೊಟ್ರಿ, ಕುಡಿಯೋಕೆ ಬೇರಿಲ್ಲ, ನೀರು ಆ ಕೋಕೋಪೀಟ್ ಮುದ್ದೆಯಲ್ಲೇ ಕೂತ್ಕೊಂತು, ಸತ್ತ ಬೇರಲ್ಲಿ ಶಿಲೀಂಧ್ರ ಎದ್ದು ಹಾಗೇ ಕಾಂಡಕ್ಕೆ ಹತ್ತಿತು. ಕಾಂಡದ ಒಳಗೆ ಇರೋದೆಲ್ಲ ನೀರು ತುಂಬಿದ ಮೆತ್ತನೆ ತಿರುಳು, ತಡೆಯೋಕೆ ಮರದಂಥ ಭಾಗ ಏನೂ ಇಲ್ಲ. ಅದಕ್ಕೇ ಒಂದು ರಾತ್ರಿ ಸಾಕು. ಅಂದ್ರೆ ನೀರು ಹಾಕಿದ್ದಕ್ಕೆ ಸತ್ತಿದ್ದು ಅಂತ ಕಂಡ್ರೂ ಸಾಯೋಕೆ ಶುರುವಾಗಿದ್ದು ನೀರಿಲ್ದೆ ಇದ್ದಾಗ.

ಆ ಬಲೆ ಮುದ್ದೆ ಬಗ್ಗೆ ಎಲ್ರೂ ನೆನಪಿಟ್ಕೊಳ್ಳಿ. ದೊಡ್ಡ ನರ್ಸರಿಗಳಲ್ಲಿ ಸಸಿ ಬೆಳೆಸೋಕೆ ಅದು ಅನುಕೂಲ, ಅವರ ಬಿಸಿ ಮನೆಯಲ್ಲಿ ಬೇಗ ಒಣಗುತ್ತೆ. ನಮ್ಮ ಮನೇಲಿ ಸುತ್ತ ಜಲ್ಲಿ, ನಡುವೆ ಸ್ಪಾಂಜು ಆಗುತ್ತೆ. ಮೇಲೆ ಒಣಗಿದೆ ಅಂತ ಕಾಣುತ್ತೆ, ನಡುವೆ ಹಸಿ. ಸ್ಟೇಪೀಲಿಯಾ, ಹೋಯಾ, ಯೂಫೋರ್ಬಿಯಾ ಹೀಗೆ ಯಾವ ಗಿಡ ತಗೊಂಡ್ರೂ ಬಂದ ಮೊದಲ ಬೆಚ್ಚಗಿನ ವಾರದಲ್ಲೇ ಅದನ್ನ ಬಿಡಿಸಿಬಿಡಿ.

ಈಗ ಮಾಡಬೇಕಾದ್ದು. ಸತ್ತ ಬೇರೆಲ್ಲ ಚೊಕ್ಕ ಕತ್ತರಿಯಲ್ಲಿ ಕತ್ತರಿಸಿ, ಬಿಳಿದು ಮುಟ್ಟಬೇಡಿ. ಕೋಕೋಪೀಟ್ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಬಿಡಿಸಿ, ನೀರಲ್ಲಿ ತೊಳೆಯಬೇಡಿ. ಬುಡಕ್ಕೆ ಸ್ವಲ್ಪ ಗಂಧಕದ ಪುಡಿ ಸವರಿ. ಐದಾರು ದಿನ ಕಾಗದದ ಮೇಲೆ ನೆರಳಲ್ಲಿ ಬೆಚ್ಚಗೆ ಬಿಡಿ. ಆಮೇಲೆ ಸಣ್ಣ ಮಣ್ಣಿನ ಕುಂಡ, ಗಿಡಕ್ಕಿಂತ ಒಂದು ಬೆರಳು ಅಗಲ ಜಾಸ್ತಿ ಇದ್ರೆ ಸಾಕು. ಮಣ್ಣಿಗೆ ನಾನು ಹಾಕೋದು ಪ್ಯೂಮಿಸ್ ಅಥವಾ ಪರ್ಲೈಟ್ (ಎರಡೂ ಹಗುರವಾದ ತೂತು ತೂತು ಕಲ್ಲಿನ ಚೂರು), ದಪ್ಪ ಮರಳು, ಚೂರು ಹಳೇ ಎಲೆಗೊಬ್ಬರ. ಹತ್ತರಲ್ಲಿ ಎಂಟು ಪಾಲು ಕಲ್ಲಿನಂಶವೇ ಇರಬೇಕು. ಮರಳು ನುಣುಪಾಗಿದ್ರೆ ಜರಡಿ ಹಿಡಿದು ಧೂಳು ತೆಗೀರಿ, ಧೂಳು ಉಳಿದ್ರೆ ಅದು ಸಿಮೆಂಟ್ ಥರ ಕೂತ್ಕೊಂಡು ಬೇರಿಗೆ ಗಾಳಿ ಹೋಗಲ್ಲ. ನೆಟ್ಟ ಮೇಲೆ ಮತ್ತೆ ಒಂದು ವಾರ ನೀರಿಲ್ಲ. ಆಮೇಲೂ ಕುಂಡದ ಅಂಚಲ್ಲಿ ಒಂದು ಎರಡು ಚಮಚ ಅಷ್ಟೇ, ಬೆಳಗ್ಗೆ ಹೊತ್ತು, ಅದೂ ಆ ಜಾಗ 25 ಡಿಗ್ರಿ ಆಸುಪಾಸು ಇದ್ರೆ ಮಾತ್ರ.

ಬಿಸಿಲುಮಚ್ಚು

ಬೇರುನೋಡಿ ಸರ್ ಹೇಳಿದ್ದು ಬಹುತೇಕ ಒಪ್ತೀನಿ, ಆದ್ರೆ ಎರಡು ವಿಷಯದಲ್ಲಿ ನನ್ನ ಅನುಭವ ಬೇರೆ. ನನ್ನ ಹತ್ರ ಹನ್ನೊಂದು ಗಿಡ ಇದಾವೆ, ಹೆಚ್ಚಿನವು ನಾನೇ ಬೀಜದಿಂದ ಮಾಡಿದ್ದು.

ಒಂದು, ಗಿಡ ಚೆನ್ನಾಗಿ ಬೇರು ಬಿಟ್ಟ ಮೇಲೆ ಚಮಚದಲ್ಲಿ ಕೊಡಬೇಡಿ. ಬೇಸಿಗೇಲಿ ಪೂರ್ತಿ ತೋಯೋ ಹಾಗೆ ಕೊಟ್ಟು ಆಮೇಲೆ ಪೂರ್ತಿ ಒಣಗೋಕೆ ಬಿಡಿ. ದಿನಾ ಸ್ವಲ್ಪ ಸ್ವಲ್ಪ ಕೊಟ್ರೆ ಮೇಲಿನ ಅರ್ಧ ಇಂಚು ಮಾತ್ರ ಹಸಿ ಇರುತ್ತೆ, ಕಾಂಡದ ಕತ್ತು ಅಲ್ಲೇ ಇರೋದು. ಬಿಸಿಲು ಕಾಲದಲ್ಲಿ ನನ್ನವಕ್ಕೆ ವಾರ ಹತ್ತು ದಿನಕ್ಕೊಮ್ಮೆ ನೀರು, 35 ಡಿಗ್ರಿ ಇದ್ದಾಗಲೂ ಆರಾಮಾಗಿ ಬೆಳೀತವೆ, ಆಗಲೇ ನಿಜವಾಗಿ ದಪ್ಪ ಆಗೋದು. ಕುಂಡ ಕೈಯಲ್ಲಿ ಎತ್ತಿ ತೂಕ ನೋಡೋ ಅಭ್ಯಾಸ ಮಾಡ್ಕೊಳ್ಳಿ. ಒಣಗಿದ ಕುಂಡದ ತೂಕ ಒಂದು ಸಲ ಕೈಗೆ ಗೊತ್ತಾಗಿಬಿಟ್ರೆ ಬೇರೆ ಯಾವ ಲೆಕ್ಕನೂ ಬೇಡ.

ಎರಡು, ಮಣ್ಣಿನ ಮೇಲೆ ದಪ್ಪ ಜಲ್ಲಿ ಹರಡೋದು. ಕೆಲವರು ಅದ್ರಿಂದ ಒಳಗೆ ಹಸಿ ಇದ್ಯೋ ಇಲ್ವೋ ಕಾಣಲ್ಲ ಅಂತಾರೆ, ನಾನಂತೂ ಎಲ್ಲಕ್ಕೂ ಹಾಕ್ತೀನಿ. ಕತ್ತಿನ ಸುತ್ತ ಒಂದು ಸೆಂಟಿಮೀಟರ್ ಜಲ್ಲಿ ಇದ್ರೆ ನೀರು ಕೆಳಗೆ ಇಳಿದು ಚರ್ಮ ಒಣಗಿರುತ್ತೆ.

ಬೆಳಕಿನ ಬಗ್ಗೆ ಯಾರೂ ಹೇಳ್ಲಿಲ್ಲ. ಇದಕ್ಕೆ ಬೆಳಕು ತುಂಬಾ ಬೇಕು, ಆದ್ರೆ ನೆರಳಲ್ಲಿದ್ದ ಗಿಡಾನ ಒಂದೇ ದಿನ ಮಧ್ಯಾಹ್ನದ ಬಿಸಿಲಿಗೆ ಇಟ್ರೆ ಚರ್ಮ ಸುಟ್ಟು ಬಿಳಿ ಕಲೆ ಆಗುತ್ತೆ, ಆ ಕಲೆ ಜನ್ಮಕ್ಕೂ ಹೋಗಲ್ಲ. ಎರಡು ಮೂರು ವಾರದಲ್ಲಿ ನಿಧಾನಕ್ಕೆ ಅಭ್ಯಾಸ ಮಾಡಿಸಿ. ಬೆಳಕು ಸರಿ ಇದ್ರೆ ಬೂದು ಕಂದು ಬಣ್ಣಕ್ಕೆ ತಿರುಗುತ್ತೆ, ಕಮ್ಮಿ ಆದ್ರೆ ಹಸಿರಾಗಿ ಮೇಲಕ್ಕೆ ಉದ್ದ ಎಳೆಯುತ್ತೆ. ಆಮೇಲೆ ಗಾಳಿ. ಮೋಡ ಮುಚ್ಕೊಂಡು ಎರಡು ಮೂರು ವಾರ ತೇವ ಇರೋ ಕಾಲದಲ್ಲಿ ನಾನು ಒಂದು ಸಣ್ಣ ಫ್ಯಾನ್ ಹಗಲೆಲ್ಲ ಓಡಿಸ್ತೀನಿ. ಫ್ಯಾನ್ ಇಟ್ಟ ಮೇಲೆ ಕೊಳೆಯೋದು ಅರ್ಧಕ್ಕರ್ಧ ಕಮ್ಮಿ ಆಯ್ತು.

ಬೇರುನೋಡಿ

ಪೂರ್ತಿ ತೋಯಿಸೋ ವಿಷಯ ಒಪ್ಪಿದೆ, ನಾನು ಚಮಚ ಹೇಳಿದ್ದು ಬೇರಿಲ್ಲದ ರೋಗಿಗೆ. ಗುಣ ಆದ ಮೇಲೆ ನಿಮ್ಮ ದಾರೀನೇ ಸರಿ.

ಚಳಿಗಾಲಕ್ಕೆ ಒಂದು ಸೇರಿಸ್ತೀನಿ. 15 ಡಿಗ್ರಿಗಿಂತ ಕೆಳಗೆ ಬಿಡಲೇಬೇಡಿ. ಅದಕ್ಕಿಂತ ಮೇಲಿದ್ರೆ ಮೂರು ನಾಲ್ಕು ವಾರಕ್ಕೊಮ್ಮೆ, ಬಿಸಿಲಿರೋ ದಿನ ಬೆಳಗ್ಗೆ, ಬೇರು ಸಾಯದೆ ಇರೋಷ್ಟು ಒಂದು ಗುಟುಕು. ಲಿಥಾಪ್ಸ್‌ಗೂ ಇದಕ್ಕೂ ಇರೋ ದೊಡ್ಡ ವ್ಯತ್ಯಾಸ ಇದೇ.

ಹೊಸಚಿಗುರು

ನಡುವೆ ಕೇಳ್ತಿದೀನಿ ಕ್ಷಮಿಸಿ. ಬುಡ ಕೊಳೀತಾ ಇದೆ ಅಂತ ಬೇಗ ಗೊತ್ತಾದ್ರೆ ಮೇಲಿನ ಭಾಗ ಕತ್ತರಿಸಿ ನೆಟ್ರೆ ಬೇರು ಬರಲ್ವಾ? ಕ್ಯಾಕ್ಟಸ್ಸಲ್ಲಿ ಹಾಗೆ ಮಾಡ್ತೀವಲ್ಲ.

ಎಕ್ಕದಹೂ

ಪ್ರಯತ್ನ ಮಾಡಬಹುದು, ಆದ್ರೆ ಕ್ಯಾಕ್ಟಸ್ಸಿನಷ್ಟು ಸುಲಭ ಅಲ್ಲ. ಕತ್ತರಿಸಿದ ಜಾಗದಲ್ಲಿ ಒಂದೇ ಒಂದು ಕಂದು ಚುಕ್ಕೆ ಉಳಿದ್ರೂ ಮತ್ತೆ ಅಲ್ಲಿಂದ ಶುರು. ಪ್ರತಿ ಸಲ ಕತ್ತರಿಸೋಕೆ ಮುಂಚೆ ಬ್ಲೇಡ್ ಸ್ಪಿರಿಟ್‌ನಲ್ಲಿ ಒರೆಸಬೇಕು, ತಿರುಳು ಪೂರ್ತಿ ತಿಳಿ ಹಸಿರು ಬಿಳಿ ಬರೋವರೆಗೂ ತೆಳ್ಳಗೆ ತೆಳ್ಳಗೆ ಕತ್ತರಿಸ್ತಾ ಹೋಗಬೇಕು.

ಅದಕ್ಕಿಂತ ಒಳ್ಳೇ ದಾರಿ ಕಸಿ. ಹೃದಯದಾಕಾರದ ಎಲೆ ಇಟ್ಕೊಂಡು ದಾರದ ಥರ ಜೋತುಬೀಳೋ ಸೆರೋಪೀಜಿಯಾ ವುಡಿಯೈ ಅಂತ ಬಳ್ಳಿ ಇದ್ಯಲ್ಲ, ಅದೂ ಇದೇ ಎಕ್ಕದ ಕುಟುಂಬ. ಅದರ ಬುಡದ ಗೆಡ್ಡೆ ಮೇಲೆ ಸುಡೋಲಿಥೋಸ್ ಕೂರಿಸ್ತಾರೆ. ಗೆಡ್ಡೆ ಮೇಲ್ಭಾಗ ಸಮತಟ್ಟಾಗಿ ಕತ್ತರಿಸಿ, ಆರೋಗ್ಯವಾಗಿರೋ ತುಂಡನ್ನ ಆಗಲೇ ಅದರ ಮೇಲೆ ಒತ್ತಿ, ರಬ್ಬರ್ ಬ್ಯಾಂಡ್ ಹಾಕಿ ಬೆಚ್ಚಗೆ ನೆರಳಲ್ಲಿ ಇಡೋದು. ಗೆಡ್ಡೆ ನೀರಿನ ಏರುಪೇರು ತಡ್ಕೊಳ್ಳುತ್ತೆ, ಹಾಗಾಗಿ ಕಸಿ ಮಾಡಿದ ಗಿಡ ಸ್ವಂತ ಬೇರಿನ ಗಿಡಕ್ಕಿಂತ ಗಟ್ಟಿ. ನಾನು ಐದು ಸಲ ಮಾಡಿ ಎರಡು ಸಲ ಗೆದ್ದಿದೀನಿ. ಅದರಲ್ಲಿ ಒಂದು ಈಗ ನನ್ನ ಹತ್ರ ಇರೋದ್ರಲ್ಲೇ ದೊಡ್ಡದು.

ಸಣ್ಣಕುಂಡ

ಆರು ವಾರ ಆಯ್ತು, ಸುದ್ದಿ ಹೇಳೋಕೆ ಬಂದೆ. ಗಿಡ ಬದುಕಿದೆ!! ಹೇಳಿದ ಹಾಗೇ ಮಾಡಿದೆ, ಮೊದಲ ಮೂರು ವಾರ ಸುಕ್ಕು ಇನ್ನೂ ಜಾಸ್ತಿ ಆಯ್ತು, ನೋಡೋಕೆ ಆಗ್ತಿರಲಿಲ್ಲ, ಕೈ ತಾನಾಗೇ ನೀರಿನ ಕಡೆ ಹೋಗೋದು ತಡ್ಕೊಂಡೆ. ಬಿಸಿ ಶುರುವಾದ ಮೇಲೆ ಎರಡು ಚಮಚದಿಂದ ಶುರು ಮಾಡಿದೆ. ಮೊನ್ನೆ ಸುಕ್ಕಿದ್ದ ಬದಿ ತುಂಬ್ಕೊಂಡಿದೆ, ನೆತ್ತಿಯಲ್ಲಿ ಹೊಸ ಚರ್ಮ ತಿಳಿ ಹಸಿರಾಗಿ ಕಾಣ್ತಿದೆ, ಗುಳ್ಳೆಗಳ ನಡುವೆ ಗೆರೆ ಎಲ್ಲ ಹೊಸದಾಗಿ ಕೊರೆದ ಹಾಗೆ ಚೂಪಾಗಿವೆ. ಮೆಲ್ಲಗೆ ಅಲುಗಿಸಿದ್ರೆ ಕುಂಡನೇ ಜೊತೆಗೆ ಬರುತ್ತೆ, ಅಂದ್ರೆ ಬೇರು ಹಿಡಿದಿದೆ.

ಒಂದು ಅನುಮಾನ. ಬುಡದ ಹತ್ರ ಜಲ್ಲಿ ಸರಿಸಿದ್ರೆ ಬಿಳಿ ಹತ್ತಿ ಥರ ಎರಡು ಚುಕ್ಕೆ ಇದೆ. ಗಂಧಕ ಅಲ್ಲ, ಅದು ಹಳದಿ ಇತ್ತು.

ಬಿಸಿಲುಮಚ್ಚು

ಓದಿ ತುಂಬಾ ಖುಷಿ ಆಯ್ತು.

ಆ ಚುಕ್ಕೆ ಹಿಟ್ಟು ತಿಗಣೆ. ಇವತ್ತೇ ಕಿವಿ ಕಡ್ಡೀನ ಸ್ಪಿರಿಟ್‌ನಲ್ಲಿ ಅದ್ದಿ ಚುಕ್ಕೆಗೆ ಮಾತ್ರ ಮುಟ್ಟಿಸಿ ತೆಗೀರಿ, ಗಿಡಕ್ಕೆಲ್ಲ ಸುರೀಬೇಡಿ, ಒಣಗೋವರೆಗೂ ಬಿಸಿಲಿಗೆ ಇಡಬೇಡಿ. ವಾರ ಬಿಟ್ಟು ಮತ್ತೆ ನೋಡಿ. ಈ ಗಿಡದಲ್ಲಿ ತಿಗಣೆ ಕುಡಿಯೋ ರಸಕ್ಕಿಂತ ಅದು ಮಾಡೋ ತೂತು ಕೆಟ್ಟದ್ದು, ಕೊಳೆ ಅಲ್ಲಿಂದ ಒಳಗೆ ಹೋಗುತ್ತೆ. ಬೇರಲ್ಲೂ ಇರೋ ಜಾತಿ ಇದೆ, ಕಾರಣ ಇಲ್ದೆ ಗಿಡ ಬೆಳೆಯೋದು ನಿಲ್ಸಿದ್ರೆ ಕುಂಡದಿಂದ ತೆಗೆದು ನೋಡಿ, ಬೇರಿಗೂ ಕುಂಡದ ಒಳಗೋಡೆಗೂ ಬಿಳಿ ಪುಡಿ ಅಂಟಿರುತ್ತೆ. ಹಾಗಿದ್ರೆ ಮಣ್ಣೆಲ್ಲ ಎಸೆದು ಹೊಸ ಮಣ್ಣು, ಹೊಸ ಕುಂಡ.

ಹೊಸಚಿಗುರು

ಒಬ್ರು ನನಗೆ 10 ಸೆಂಟಿಮೀಟರ್ ಗಾತ್ರದ ಸುಡೋಲಿಥೋಸ್ ಕೊಡ್ತೀನಿ ಅಂತಿದಾರೆ. ಬೇರು ಚೂರೇ ಚೂರು ಇದೆ, ಮೈಮೇಲೆ ಗಾಯದ ಕಲೆ ತುಂಬಾ ಇದೆ, ಮಣ್ಣಿಲ್ದೆ ಕಾಗದ ಸುತ್ತಿ ಕಳಿಸ್ತಾರಂತೆ. ದೊಡ್ಡ ಗಿಡ ಆದ್ರೆ ಗಟ್ಟಿ ಇರುತ್ತೆ ಅಲ್ವಾ, ತಗೊಳ್ಳಾ?

ಎಕ್ಕದಹೂ

ತಗೋಬೇಡಿ. ದಯವಿಟ್ಟು ಬೇಡ.

ನೀವು ಹೇಳಿದ ಲಕ್ಷಣ ಎಲ್ಲ ಕಾಡಿಂದ ಕಿತ್ತ ಗಿಡದ ಲಕ್ಷಣ. ಕಿತ್ತು ಹರಿದ ಬೇರು, ವರ್ಷಗಟ್ಟಲೆ ಗಾಳಿ ಮರಳು ತಿಂದ ಚರ್ಮ, ಒಂದು ಕಡೆ ಮಾತ್ರ ಬಿಸಿಲಿಗೆ ಕಪ್ಪಾಗಿರೋದು. ಬೀಜದಿಂದ ಬೆಳೆಸಿದ ಗಿಡ ಮೈ ಎಲ್ಲ ಒಂದೇ ಸಮ ಇರುತ್ತೆ. ಕಾಡಿನ ಗಿಡಾನ ಕುಂಡಕ್ಕೆ ತಂದ್ರೆ ಹೆಚ್ಚಿನವು ಬದುಕೋದೂ ಇಲ್ಲ, ಈ ಜಾತಿಯಲ್ಲಂತೂ ಬೇರು ಹರಿದ ದೊಡ್ಡ ಗಿಡ ಉಳಿಸೋದು ಬಹಳ ಕಷ್ಟ.

ದಕ್ಷಿಣ ಆಫ್ರಿಕಾದಲ್ಲಿ ಕೋನೋಫೈಟಮ್‌ಗೆ ಏನಾಯ್ತು ನೋಡಿ. ಅದೂ ಉಂಡೆಕಲ್ಲಿನ ಥರದ್ದೇ ಪುಟ್ಟ ಗಿಡ. 2019ರಿಂದ ಈಚೆಗೆ ಕಳ್ಳರು ಬೆಟ್ಟ ಬೆಟ್ಟನೇ ಖಾಲಿ ಮಾಡಿದಾರೆ, ಪೊಲೀಸರು ಹಿಡಿದ ಗಿಡಗಳೇ ಲಕ್ಷಗಟ್ಟಲೆ, ಅವನ್ನ ಇಟ್ಕೊಳ್ಳೋಕೆ ಅಲ್ಲಿನ ಸಸ್ಯೋದ್ಯಾನಗಳಲ್ಲಿ ಜಾಗ ಸಾಲ್ತಿಲ್ಲ. ಕೆಲವು ಜಾತಿ ಒಂದೇ ಒಂದು ಗುಡ್ಡದ ಮೇಲೆ ಮಾತ್ರ ಇರೋದು, ಆ ಗುಡ್ಡಕ್ಕೆ ಒಂದು ರಾತ್ರಿ ನಾಲ್ಕು ಜನ ಚೀಲ ತಗೊಂಡು ಹೋದ್ರೆ ಆ ಜಾತಿನೇ ಇಲ್ಲ. ಅದೆಲ್ಲ ಹೋಗಿದ್ದು ನಮ್ಮಂಥ ಗಿಡದ ಹುಚ್ಚಿನವರ ಕಿಟಕಿಗೇ ಅಲ್ವಾ? ನನಗೆ ಇದನ್ನ ಯೋಚನೆ ಮಾಡಿದ್ರೆ ಸಂಕಟ ಆಗುತ್ತೆ.

ಸುಡೋಲಿಥೋಸ್ ಬೀಜದಿಂದ ಬೇಗ ಬರುತ್ತೆ, ಎರಡು ಮೂರು ವರ್ಷಕ್ಕೆ ಹೂ ಬಿಡುತ್ತೆ. ಕಾಡಿಂದ ತರೋಕೆ ಯಾವ ಕಾರಣನೂ ಇಲ್ಲ. ಸಣ್ಣ ಗಿಡ ತಗೊಳ್ಳಿ, ಅಥವಾ ಬೀಜ ಹಾಕಿ.

ಹೊಸಚಿಗುರು

ಅವರಿಗೆ ಬೇಡ ಅಂದೆ. ಬೀಜ ಎಲ್ಲಿ ಸಿಗುತ್ತೋ ಹುಡುಕ್ತೀನಿ.

ಸಣ್ಣಕುಂಡ

ಮತ್ತೆ ಮೂರು ತಿಂಗಳಾದ ಮೇಲೆ ಬಂದೆ. ನಿನ್ನೆ ಸಂಜೆ ಕೋಣೆಗೆ ಹೋದ್ರೆ ಏನೋ ಸತ್ತ ವಾಸನೆ. ಇಲಿ ಎಲ್ಲೋ ಸತ್ತಿದೆ ಅಂತ ಕಪಾಟಿನ ಹಿಂದೆಲ್ಲ ಹುಡುಕಿದೆ. ಆಮೇಲೆ ನೋಡಿದ್ರೆ ಸುಡೋಲಿಥೋಸ್ ಪಕ್ಕೆಯಲ್ಲಿ ಹೂ! ಬೆಂಕಿಕಡ್ಡಿ ತಲೆಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಗೊಂಚಲಲ್ಲಿ ಒಂದಕ್ಕೊಂದು ಅಂಟ್ಕೊಂಡು ಎಂಟೋ ಹತ್ತೋ ಇವೆ, ಕೆಂಪು ಮಿಶ್ರ ಕಂದು, ಭೂತಗನ್ನಡಿಯಲ್ಲಿ ನೋಡಿದ್ರೆ ಅಂಚಲ್ಲಿ ಸಣ್ಣ ಕೂದಲು ಗಾಳಿಗೆ ಅಲ್ಲಾಡ್ತಿವೆ. ಎರಡು ನೊಣ ಬಂದು ಕೂತಿದ್ವು. ಅಷ್ಟು ಖುಷಿ ಆಯ್ತು ನನಗೆ, ಸಾಯ್ತಿದ್ದ ಗಿಡ ಇದು.

ಕಾಯಿ ಕಟ್ಟುತ್ತಾ? ನಾನೇನಾದ್ರೂ ಮಾಡಬೇಕಾ?

ಎಕ್ಕದಹೂ

ಅಭಿನಂದನೆ!! ನಿಮಗೂ ಗಿಡಕ್ಕೂ.

ನೊಣಕ್ಕೇ ಆ ವಾಸನೆ. ಕೊಳೆತ ಮಾಂಸ ಅಂತ ಬರುತ್ತೆ. ಇದರ ಪರಾಗ ಪುಡಿ ಇರಲ್ಲ, ಎಕ್ಕದ ಹೂವಲ್ಲಿರೋ ಹಾಗೆ ಎರಡು ಪುಟ್ಟ ಚೀಲ, ನಡುವೆ ಒಂದು ಕ್ಲಿಪ್. ನೊಣ ಹೂವಲ್ಲಿ ತಡಕಾಡುವಾಗ ಕಾಲೋ ಸೊಂಡಿಲೋ ಒಂದು ಸೀಳಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ, ಎಳೆದಾಗ ಕ್ಲಿಪ್ ಸಮೇತ ಚೀಲ ಬರುತ್ತೆ, ಇನ್ನೊಂದು ಹೂವಿನ ಸೀಳಿಗೆ ಅದು ಸರಿಯಾಗಿ ಕೂತ್ರೆ ಮಾತ್ರ ಕಾಯಿ. ಎಕ್ಕದ ಹೂ ಒಂದು ತಗೊಂಡು ನಡುವಿನ ಐದು ಮೂಲೆಯ ಕಿರೀಟದ ಸೀಳಲ್ಲಿ ಸೂಜಿ ಮೊನೆ ಮೇಲಕ್ಕೆ ಎಳೆದು ನೋಡಿ, ಹಳದಿ ಚೀಲ ಜೋಡಿ ಸೂಜಿಗೆ ನೇತಾಡ್ಕೊಂಡು ಬರುತ್ತೆ. ಅದೇ ಯಂತ್ರ, ಇಲ್ಲಿ ತುಂಬಾ ಚಿಕ್ಕದು. ಕೈಯಲ್ಲಿ ಮಾಡೋದು ಕಷ್ಟ, ನೊಣಕ್ಕೇ ಬಿಡಿ.

ಆದ್ರೆ ಒಂದೇ ಗಿಡದಲ್ಲಿ ಸಾಮಾನ್ಯವಾಗಿ ಕಾಯಿ ಕಟ್ಟಲ್ಲ. ಬೇರೆ ಬೀಜದ ಎರಡು ಗಿಡ ಒಟ್ಟಿಗೆ ಹೂ ಬಿಟ್ಟಿರಬೇಕು. ನಿಮ್ಮ ಮೊದಲನೇ ಗಿಡ ಇದ್ದಿದ್ರೆ ಅಂತ ನನಗೂ ಅನ್ನಿಸ್ತು.

ಒಂದು ಎಚ್ಚರ, ಬಾಡಿದ ಹೂ ಅಲ್ಲೇ ಅಂಟ್ಕೊಂಡಿರೋಕೆ ಬಿಡಬೇಡಿ. ಅದರ ಸಿಹಿ ರಸಕ್ಕೆ ಕಪ್ಪು ಬೂಷ್ಟು ಬಂದು ಅಲ್ಲಿಂದ ಚರ್ಮಕ್ಕೆ ಹತ್ತುತ್ತೆ. ಪೂರ್ತಿ ಒಣಗಿದ ಮೇಲೆ ಚಿಮಟದಲ್ಲಿ ಮೆಲ್ಲಗೆ ತೆಗೀರಿ, ಹಸಿ ಇದ್ದಾಗ ಎಳೀಬೇಡಿ.

ಬಿಸಿಲುಮಚ್ಚು

ಸಣ್ಣಕುಂಡ, ಹೊಸಚಿಗುರು, ಇಬ್ರಿಗೂ ಬೀಜ ನಾನು ಕೊಡ್ತೀನಿ. ನನ್ನ ಮೂರು ಗಿಡದಲ್ಲಿ ಈಗ ಕಾಯಿ ಇದೆ, ಎರಡೆರಡು ಕೊಂಬಿನ ಥರ ಜೋಡಿ ನಿಂತಿವೆ. ಒಡೆಯೋ ಸಮಯ ಹತ್ರ ಬಂತು ಅಂತ ಸಣ್ಣ ಬಲೆ ಚೀಲ ಕಟ್ಟಿದೀನಿ. ಹೋದ ವರ್ಷ ಕಟ್ಟದೆ ಒಂದು ಮಧ್ಯಾಹ್ನ ಅಷ್ಟೂ ಬೀಜ ಗಾಳಿಗೆ ಹೋಯ್ತು. ಒಡೆದ ದಿನವೇ ಕಳಿಸ್ತೀನಿ, ಬಂದ ದಿನವೇ ಹಾಕಿ, ಇದರ ಬೀಜ ಇಟ್ಕೊಳ್ಳೋ ಬೀಜ ಅಲ್ಲ, ಹಳೇದಾದಷ್ಟೂ ಮೊಳಕೆ ಕಮ್ಮಿ.

ಅದೇ ಕಲ್ಲಿನ ಮಣ್ಣು, ಆದ್ರೆ ಸ್ವಲ್ಪ ಸಣ್ಣ ಜರಡಿಯದ್ದು. ಕುದಿಯೋ ನೀರು ಸುರಿದು ಆರಿಸ್ಕೊಳ್ಳಿ. ಬೀಜ ಮೇಲೆ ಇಟ್ಟು ಕುಚ್ಚು ತೆಗೆದು ಸ್ವಲ್ಪ ಒತ್ತಿದ್ರೆ ಸಾಕು, ಮುಚ್ಚೋದು ಬೇಡ. 25ರಿಂದ 30 ಡಿಗ್ರಿ, ಮೇಲೆ ಪ್ಲಾಸ್ಟಿಕ್ ಮುಚ್ಚಳ, ನೇರ ಬಿಸಿಲು ಬೇಡ.

ಸಣ್ಣಕುಂಡ

ಬೀಜ ತಲುಪ್ತು, ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಿಲ್ಲ ಅಣ್ಣ. ಹನ್ನೆರಡು ಇದ್ವು, ಅವತ್ತೇ ಹಾಕಿದೆ. ಇವತ್ತು ನಾಲ್ಕನೇ ದಿನ. ಒಂಬತ್ತು ಮೊಳೆತಿವೆ! ಗುಂಡುಸೂಜಿ ತಲೆಯಷ್ಟು ಹಸಿರು ಉಂಡೆ, ಮೇಲೆ ಎರಡು ಸಣ್ಣ ಚೂಪು, ಒಂದೆರಡರ ತಲೆ ಮೇಲೆ ಬೀಜದ ಸಿಪ್ಪೆ ಇನ್ನೂ ಟೋಪಿ ಥರ ಕೂತಿದೆ. ಸಿಪ್ಪೆ ತೆಗೀಲಾ? ಮುಚ್ಚಳ ಯಾವಾಗ ತೆಗೀಬೇಕು?

ಬಿಸಿಲುಮಚ್ಚು

ಸಿಪ್ಪೆ ಮುಟ್ಟಬೇಡಿ, ತಾನೇ ಬೀಳುತ್ತೆ. ಮುಚ್ಚಳ ಇವತ್ತು ಒಂದು ಬೆರಳು ಓರೆ ಮಾಡಿ, ನಾಳೆ ಅರ್ಧ, ನಾಲ್ಕು ದಿನದಲ್ಲಿ ಪೂರ್ತಿ ತೆಗೀರಿ. ಉಳಿದ ಮೂರು ಮೊಳೀಲಿ ಅಂತ ಕಾಯ್ತಾ ಮುಚ್ಚಿಟ್ರೆ ಒಂಬತ್ತೂ ಬುಡ ಕರಗಿ ಮಲಗ್ತವೆ. ಮೊದಲ ಎರಡು ಮೂರು ತಿಂಗಳು ಮಾತ್ರ ಮಣ್ಣು ಪೂರ್ತಿ ಒಣಗೋಕೆ ಬಿಡಬೇಡಿ. ಆಮೇಲೆ ನಿಧಾನಕ್ಕೆ ದೊಡ್ಡ ಗಿಡದ ಅಭ್ಯಾಸಕ್ಕೆ ತನ್ನಿ.

ಸಣ್ಣಕುಂಡ

ಓರೆ ಮಾಡಿದೆ. ಲಿಥಾಪ್ಸ್ ಟ್ರೇ ಇನ್ನೊಂದು ಕಿಟಕಿಗೆ ಹೋಯ್ತು, ಈ ಬೆಚ್ಚಗಿನ ಮೂಲೆ ಇವುಗಳಿಗೇ.